ಬಿಟ್ಟವನು ಮತ್ತೆ ಹಿಡಿದರೆ ನಿಮ್ಮ ಕಡೆ ಏನೆನ್ನುತ್ತಾರೆ?

ಶಿವಮೊಗ್ಗದ ಕಾರ್ಯಕರ್ತ

ಮದ್ಯವರ್ಜನ ಶಿಬಿರ ಮುಗಿಸಿ ಮನೆಗೆ ಮರಳುವವರ ಕುಟುಂಬಕ್ಕಾಗಿ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇವೆ. ಓದುವವರು ಹೆಚ್ಚಾಗಿ ಹೆಂಡತಿ, ತಾಯಿ, ಒಡಹುಟ್ಟಿದವರು. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಕೇಳುವವರೂ ಅನೇಕರಿದ್ದಾರೆ. ಆದ್ದರಿಂದ ಪ್ರತಿ ಪದವೂ ಕಿವಿಗೆ ಹೇಗೆ ಬೀಳುತ್ತದೆ ಎಂದು ನೋಡಬೇಕಾಗಿದೆ.

ಬಿಡುವುದರ ಬಗ್ಗೆ ಬರೆಯುವಾಗ ಕನ್ನಡ ಧಾರಾಳವಾಗಿ ಒದಗಿತು: ಬಿಟ್ಟ, ತ್ಯಜಿಸಿದ, ದೂರವಿಟ್ಟ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದ. ಕೆಲವು ತಿಂಗಳು ಬಿಟ್ಟಿದ್ದವನು ಒಂದು ಸಂಜೆ ಮತ್ತೆ ಕುಡಿದು ಬಂದಾಗ ಏನು ಮಾಡಬೇಕು ಎಂಬ ಅಧ್ಯಾಯಕ್ಕೆ ಬಂದಾಗ ಮಾತ್ರ ತಡವರಿಸುವಂತಾಯಿತು. ಆ ಅಧ್ಯಾಯಕ್ಕೆ ಏನು ತಲೆಬರಹ ಕೊಡಬೇಕು? ‘ಮರುಕಳಿಕೆ’ ಎಂದರೆ ಆಸ್ಪತ್ರೆಯ ಚೀಟಿಯಂತೆ ಕೇಳುತ್ತದೆ. ‘ಹಳೇ ಚಾಳಿ’ ಎಂದರೆ ಎದುರಿಗೆ ಕುಳಿತವನು ತಲೆ ತಗ್ಗಿಸುತ್ತಾನೆ. ‘ಪತನ’, ‘ಅಧೋಗತಿ’ಗಳನ್ನು ನಾವೇ ಹೊಡೆದುಹಾಕಿದೆವು. ನಿಮ್ಮ ನಿಮ್ಮ ಊರುಗಳಲ್ಲಿ, ಮನೆಗಳಲ್ಲಿ ಏನೆನ್ನುತ್ತಾರೆ? ಕುಡಿತಕ್ಕೆ ಮಾತ್ರವಲ್ಲ, ಕಾಯಿಲೆ, ಜಮೀನು, ಸಂಸಾರ ಯಾವುದೇ ಆಗಲಿ, ಸುಧಾರಿಸಿದ್ದು ಹಿಂದಕ್ಕೆ ಹೋದಾಗ ಬಳಸುವ ಮಾತುಗಳನ್ನು ದಯವಿಟ್ಟು ಬರೆಯಿರಿ.

ನಿವೃತ್ತ ಉಪಸಂಪಾದಕ, ಮೈಸೂರು

ಪತ್ರಿಕಾ ಕಚೇರಿಯಲ್ಲಿ ಈ ಮಾತುಗಳೊಂದಿಗೇ ನನ್ನ ಬಹುಪಾಲು ಬದುಕು ಕಳೆದಿದೆ. ಮೊದಲು ‘ಮರುಕಳಿಸು’ ಬಗ್ಗೆ ಹೇಳುತ್ತೇನೆ, ಏಕೆಂದರೆ ಅದರ ಮೇಲೆ ಅನ್ಯಾಯದ ಅನುಮಾನ ಬಂದಿದೆ. ಅದು ಆಸ್ಪತ್ರೆಯ ಪದವಲ್ಲ. ‘ಇಂಥ ಘಟನೆ ಮರುಕಳಿಸದಂತೆ ಎಚ್ಚರ ವಹಿಸಲಾಗುವುದು’ ಎಂಬುದು ಪ್ರತಿಯೊಬ್ಬ ಅಧಿಕಾರಿಯ ಬಾಯಲ್ಲೂ ಇದೆ. ‘ಗತವೈಭವ ಮರುಕಳಿಸಲಿ’ ಎಂದು ಹಾರೈಸುವುದೂ ಇದೆ. ಎಂದರೆ ಆ ಕ್ರಿಯಾಪದಕ್ಕೆ ಒಳ್ಳೆಯದು, ಕೆಟ್ಟದ್ದು ಎಂಬ ಭೇದವಿಲ್ಲ.

ಅದರ ವ್ಯಾಕರಣವನ್ನು ಗಮನಿಸಿ. ಜ್ವರ ಮರುಕಳಿಸುತ್ತದೆ, ಗಲಭೆ ಮರುಕಳಿಸುತ್ತದೆ, ನೆನಪು ಮರುಕಳಿಸುತ್ತದೆ. ಮನುಷ್ಯ ಮರುಕಳಿಸುವುದಿಲ್ಲ. ‘ಅವನು ಮರುಕಳಿಸಿದ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ಮರಳಿ ಬಂದದ್ದು ಕಾಯಿಲೆ, ಮನುಷ್ಯ ಇದ್ದಲ್ಲೇ ಇದ್ದಾನೆ. ಚಟದ ವಿಷಯದಲ್ಲಿ ನಮ್ಮ ಹಳೆಯ ಮಾತುಗಳೆಲ್ಲ ಹೀಗೆಯೇ ಇವೆ. ಚಟ ಹತ್ತಿತು, ಚಟ ಅಂಟಿತು, ಚಟ ಹಿಡಿಯಿತು. ‘ಅವನಿಗೆ ಹತ್ತಿತು’ ಎನ್ನುವಾಗ ಅವನು ಚತುರ್ಥಿಯಲ್ಲಿ ಪಕ್ಕಕ್ಕೆ ನಿಂತಿರುತ್ತಾನೆ, ಕರ್ತೃವಿನ ಜಾಗದಲ್ಲಿ ಚಟವೇ ಇರುತ್ತದೆ. ಬಿಡುವಾಗ ಮಾತ್ರ ಅವನು ಕರ್ತೃವಾಗುತ್ತಾನೆ: ‘ಅವನು ಚಟ ಬಿಟ್ಟ’. ನಿಮ್ಮ ಕೈಪಿಡಿಗೆ ಇದು ಉಪಯೋಗಕ್ಕೆ ಬರಬಹುದು.

‘ಹಳೇ ಚಾಳಿ’ ಬೇಡವೆಂದದ್ದು ಸರಿ. ಅಪರಾಧ ಸುದ್ದಿಗಳಲ್ಲಿ ‘ಜೈಲಿನಿಂದ ಬಿಡುಗಡೆಯಾಗಿ ಬಂದರೂ ಹಳೇ ಚಾಳಿ ಮುಂದುವರಿಸಿದ್ದ’ ಎಂಬ ವಾಕ್ಯ ಅಚ್ಚು ಮೊಳೆಯಷ್ಟೇ ಗಟ್ಟಿಯಾಗಿ ಕುಳಿತುಬಿಟ್ಟಿದೆ.

ಇನ್ನೊಂದು ಎಚ್ಚರಿಕೆ: ‘ತಿರುಗಿ ಬಿದ್ದ’ ಎಂದು ಬರೆಯಬೇಡಿ. ಅದು ದಂಗೆ ಎದ್ದ ಎಂದಾಗುತ್ತದೆ.

ಧಾರವಾಡ ಪೇಟೆ

ನಮ್ಮ ಕಡೆ ‘ಮತ್ತೆ ಶುರು ಹಚ್ಚಿಕೊಂಡ’ ಎನ್ನುತ್ತೇವೆ. ‘ಹಳೆಯ ದಾರಿ ಹಿಡಿದ’ ಎಂಬುದೂ ಇದೆ. ಬಯ್ಯಬೇಕೆಂದರೆ ನಾಯಿಬಾಲದ ಗಾದೆ ಇದ್ದೇ ಇದೆ.

ಹಾಸನದ ಗೃಹಿಣಿ

ಕಾಯಿಲೆಯ ವಿಷಯಕ್ಕೆ ನಮ್ಮ ಮನೆಗಳಲ್ಲಿ ‘ಮರುಕಳಿಸಿತು’ ಎನ್ನುವುದಕ್ಕಿಂತ ‘ಪಥ್ಯ ಕೆಟ್ಟಿತು’ ಎಂಬ ಮಾತು ಹೆಚ್ಚು. ಜ್ವರ ಬಿಟ್ಟ ಮೇಲೂ ಗಂಜಿ, ಬೇಳೆಕಟ್ಟಿನ ಸಾರಿನಲ್ಲೇ ಕೆಲವು ದಿನ ಇರಿಸುತ್ತಾರೆ. ಯಾರದೋ ಮನೆಯ ಊಟಕ್ಕೆ ಹೋಗಿ ಬಂದು ಮತ್ತೆ ಮಲಗಿದರೆ ಅಜ್ಜಿ ಜ್ವರವನ್ನು ಬಯ್ಯುತ್ತಿರಲಿಲ್ಲ, ‘ಪಥ್ಯ ಕೆಡಿಸಿಕೊಂಡೆ’ ಎನ್ನುತ್ತಿದ್ದಳು.

ಗಾಯಕ್ಕಾದರೆ ‘ನಂಜೇರಿತು’. ಮಾಯುತ್ತಿದ್ದ ಹುಣ್ಣು ಮತ್ತೆ ಕೆಂಪಾಗಿ ಬಾತರೆ ಹಾಗೆನ್ನುವುದು. ಬದನೆಕಾಯಿ ನಂಜು, ಗಾಯವಾದವರಿಗೆ ಬಡಿಸಬಾರದು ಎಂಬ ಕಟ್ಟುಪಾಡು ಈಗಲೂ ಇದೆ. ಬದನೆಕಾಯಿಯಿಂದ ಗಾಯ ಕೆಡುತ್ತದೆಯೇ ಇಲ್ಲವೇ ಎಂಬುದನ್ನು ವೈದ್ಯರು ಹೇಳಲಿ. ನನಗೆ ಮುಖ್ಯವೆನಿಸುವುದು ಇಷ್ಟು: ಗುಣವಾಗುವ ಹೊತ್ತೇ ಅತ್ಯಂತ ನಾಜೂಕಿನ ಹೊತ್ತು ಎಂಬ ತಿಳಿವಳಿಕೆ ಈ ಮಾತುಗಳೊಳಗೆ ಇದೆ. ಕಾಯಿಲೆಯ ನಡುವೆ ಇರುವವನಿಗಿಂತ, ಎದ್ದು ಓಡಾಡಲು ಶುರುಮಾಡಿದವನ ಮೇಲೆ ಮನೆಯವರ ಕಣ್ಣು ಹೆಚ್ಚು. ಶಿಬಿರದಿಂದ ಬಂದವರನ್ನೂ ಹಾಗೆಯೇ ನೋಡಿಕೊಳ್ಳಬೇಕಲ್ಲವೇ? ಮೊದಲ ವಾರವೇ ಮದುವೆ ಮನೆಗೋ ಜಾತ್ರೆಗೋ ಕಳಿಸಿ, ಆಮೇಲೆ ‘ಬುದ್ಧಿ ಬರಲಿಲ್ಲ’ ಎಂದರೆ ಹೇಗೆ?

ಶಿವಮೊಗ್ಗದ ಕಾರ್ಯಕರ್ತ

ಅಮ್ಮ, ‘ಪಥ್ಯ’ ಎಂಬ ಮಾತು ನಮಗೆ ಹೊಳೆದೇ ಇರಲಿಲ್ಲ. ಶಿಬಿರ ಮುಗಿದ ಮೇಲೆ ಏನೇನು ಪಾಲಿಸಬೇಕು ಎಂಬ ಭಾಗಕ್ಕೆ ಅದನ್ನೇ ಶೀರ್ಷಿಕೆ ಮಾಡುತ್ತೇವೆ. ಯಾರಿಗೂ ಅರ್ಥ ಹೇಳಬೇಕಾಗಿಲ್ಲ.

ಕರಾವಳಿಯ ವೈದ್ಯೆ

ಬದನೆಕಾಯಿಯ ಮೇಲಿನ ಆರೋಪಕ್ಕೆ ಆಧಾರ ಸಾಲದು. ಗಾಯ ಬಾತು ಕೀವಾಗುವುದು ಸಾಮಾನ್ಯವಾಗಿ ಸೋಂಕಿನಿಂದ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ಅಂಥವರು ಅಡುಗೆಮನೆಯ ಬದಲು ಆಸ್ಪತ್ರೆಯ ಕಡೆ ನಡೆಯಬೇಕು. ಆದರೆ ಗುಣವಾಗುವ ಕಾಲವೇ ನಾಜೂಕು ಎಂದದ್ದು ನೂರಕ್ಕೆ ನೂರು ನಿಜ.

ಮಂಗಳೂರಿನಲ್ಲಿ ವರ್ಷಗಟ್ಟಲೆ ಮಲೇರಿಯಾ ಕಾಡಿದ್ದು ಎಲ್ಲರಿಗೂ ಗೊತ್ತು. ಅಲ್ಲಿ ಹೆಚ್ಚಾಗಿ ಕಂಡದ್ದು ವೈವಾಕ್ಸ್ ಎಂಬ ಬಗೆ. ಇದರ ಚಳಿಜ್ವರಕ್ಕೆ ಕ್ಲೋರೋಕ್ವಿನ್ ಕೊಟ್ಟರೆ 3 ದಿನದಲ್ಲಿ ರೋಗಿ ಎದ್ದು ಕೂರುತ್ತಾನೆ. ರಕ್ತದಲ್ಲಿದ್ದ ಪರೋಪಜೀವಿ ಸತ್ತಿರುತ್ತದೆ, ಜ್ವರ ಬಿಟ್ಟಿರುತ್ತದೆ, ಕೆಲಸಕ್ಕೂ ಹೋಗುತ್ತಾನೆ. ಆದರೆ ಅದೇ ಪರೋಪಜೀವಿಯ ಇನ್ನೊಂದು ರೂಪ ಪಿತ್ತಜನಕಾಂಗದಲ್ಲಿ ನಿದ್ದೆ ಹೋಗಿರುತ್ತದೆ. ಅದನ್ನು ಕೊಲ್ಲಲು ಪ್ರೈಮಾಕ್ವಿನ್ ಎಂಬ ಬೇರೆ ಮಾತ್ರೆಯನ್ನು, ತೆಗೆದುಕೊಳ್ಳಬಹುದೇ ಎಂದು ವೈದ್ಯರು ನೋಡಿದ ಮೇಲೆ, 14 ದಿನ ನುಂಗಬೇಕು. ಜ್ವರವೇ ಇಲ್ಲದವನು 14 ದಿನ ಮಾತ್ರೆ ನುಂಗುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತು. ಅರ್ಧಕ್ಕೆ ಬಿಟ್ಟವರಲ್ಲಿ ಕೆಲವರಿಗೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಹೊಸದಾಗಿ ಒಂದು ಸೊಳ್ಳೆಯೂ ಕಚ್ಚದಿದ್ದರೂ, ಅದೇ ಚಳಿ, ಅದೇ ನಡುಕ ಬರುತ್ತದೆ.

ನಾವು ಇದನ್ನು ಹೊಸ ಸೋಂಕಿನಿಂದ ಬೇರ್ಪಡಿಸಿ ನೋಡುತ್ತೇವೆ. ಹೊರಗಿನಿಂದ ಮತ್ತೆ ಬಂದದ್ದು ಬೇರೆ, ಒಳಗೇ ಉಳಿದಿದ್ದು ಎದ್ದದ್ದು ಬೇರೆ. ಕನ್ನಡದಲ್ಲಿ ಎರಡಕ್ಕೂ ‘ಮರುಕಳಿಸಿತು’ ಎಂದೇ ಹೇಳುವುದರಿಂದ ರೋಗಿಗೆ ಬಿಡಿಸಿ ಹೇಳಬೇಕಾಗುತ್ತದೆ. ಕುಡಿತದ ವಿಷಯದಲ್ಲೂ ಕುಟುಂಬದವರು ಇದನ್ನು ತಿಳಿದಿರಬೇಕು. ಗೆಳೆಯರು ಕೆಡಿಸಿದರು ಎಂಬುದು ಕೆಲವೊಮ್ಮೆ ನಿಜ, ಕೆಲವೊಮ್ಮೆ ಯಾರೂ ಕರೆಯದೆಯೇ ಆಸೆ ಒಳಗಿನಿಂದ ಏಳುತ್ತದೆ.

ಬಸದಿ ಬೀದಿ, ಮೂಡುಬಿದಿರೆ

ವೈದ್ಯೆಯವರು ಬರೆದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಈ ಭೇದವನ್ನು ಜೈನ ಶಾಸ್ತ್ರ ಅತ್ಯಂತ ಸೂಕ್ಷ್ಮವಾಗಿ ಮಾಡಿದೆ, ಅದರ ಪರಿಭಾಷೆ ಕನ್ನಡದ ಬಸದಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಆತ್ಮ ಏರುವ ಮೆಟ್ಟಿಲುಗಳು 14, ಅವನ್ನು ಗುಣಸ್ಥಾನ ಎನ್ನುತ್ತಾರೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳನ್ನು, ಎಂದರೆ ಆತ್ಮಕ್ಕೆ ಅಂಟಿದ ಕಲ್ಮಷಗಳನ್ನು, ಗೆಲ್ಲಲು ಎರಡು ದಾರಿಗಳಿವೆ. ಒಂದು ಉಪಶಮ, ಎಂದರೆ ಅವನ್ನು ಅದುಮಿಡುವುದು. ಇನ್ನೊಂದು ಕ್ಷಯ, ಎಂದರೆ ಬೇರುಸಹಿತ ಇಲ್ಲವಾಗಿಸುವುದು. ಉಪಶಮದ ದಾರಿಯಲ್ಲಿ ಏರಿದವನು 11ನೆಯ ಮೆಟ್ಟಿಲಾದ ಉಪಶಾಂತಮೋಹದವರೆಗೆ ಹೋಗಬಲ್ಲ. ಅಲ್ಲಿ ಅವನ ಮನಸ್ಸಿನಲ್ಲಿ ಮೋಹದ ಒಂದು ಅಲೆಯೂ ಇರುವುದಿಲ್ಲ. ಆದರೂ ಅಲ್ಲಿಂದ ಅವನು ಇಳಿಯಲೇಬೇಕು, ಅದುಮಿಟ್ಟದ್ದು ಮೇಲೇಳುತ್ತದೆ. ಕ್ಷಯದ ದಾರಿಯವನು 10ರಿಂದ ನೇರವಾಗಿ 12ಕ್ಕೆ ಹೋಗುತ್ತಾನೆ, 11ನ್ನು ಮುಟ್ಟುವುದೇ ಇಲ್ಲ. ನಮ್ಮ ಹಿರಿಯರು ಇದನ್ನು ನೀರಿನಿಂದ ವಿವರಿಸುತ್ತಾರೆ. ರಾಡಿ ನೀರಿಗೆ ಕತಕದ ಬೀಜ ತೇದು ಹಾಕಿದರೆ ಕೆಸರು ತಳ ಸೇರಿ ನೀರು ತಿಳಿಯಾಗುತ್ತದೆ, ಪಾತ್ರೆ ಅಲುಗಾಡಿದರೆ ಮತ್ತೆ ರಾಡಿ. ಆ ತಿಳಿನೀರನ್ನು ಬೇರೆ ಪಾತ್ರೆಗೆ ಬಸಿದುಕೊಂಡರೆ ಮಾತ್ರ ಅಲುಗಾಟದ ಭಯವಿಲ್ಲ.

ನನ್ನನ್ನು ಬಾಲ್ಯದಿಂದಲೂ ಹಿಡಿದಿಟ್ಟಿರುವುದು ಎರಡನೆಯ ಮೆಟ್ಟಿಲು. ಅದರ ಹೆಸರು ಸಾಸಾದನ. ಆ ಮೆಟ್ಟಿಲನ್ನು ಕೆಳಗಿನಿಂದ ಏರುತ್ತಾ ಯಾರೂ ತುಳಿಯುವುದಿಲ್ಲ. ಮೇಲಿನಿಂದ ಜಾರಿ ಮೊದಲ ಮೆಟ್ಟಿಲಿಗೆ ಬೀಳುವವನು ಕ್ಷಣಮಾತ್ರ ಅಲ್ಲಿರುತ್ತಾನೆ. ಸಮ್ಯಕ್ತ್ವ, ಎಂದರೆ ಸರಿಯಾದ ಶ್ರದ್ಧೆ, ಕೈಬಿಟ್ಟಿದೆ, ಆದರೆ ಅದರ ರುಚಿ ಇನ್ನೂ ನಾಲಗೆಯ ಮೇಲಿದೆ. ಬೀಳುವವನಿಗೆಂದೇ ಒಂದು ಸ್ಥಾನ, ಅದಕ್ಕೆ ಒಂದು ಗೌರವದ ಹೆಸರು! ಎಂದೂ ಏರದವನಿಗೂ ಏರಿ ಬಿದ್ದವನಿಗೂ ವ್ಯತ್ಯಾಸವಿದೆ ಎಂದು ಆ ಶಾಸ್ತ್ರಕಾರರು ಕಂಡಿದ್ದರು. ಒಮ್ಮೆ ರುಚಿ ಕಂಡವನು ಮತ್ತೆ ಏರಿಯೇ ಏರುತ್ತಾನೆ ಎಂಬ ಭರವಸೆಯನ್ನೂ ಶಾಸ್ತ್ರ ಕೊಡುತ್ತದೆ.

ಸಂಸ್ಕೃತದ ಮೇಷ್ಟ್ರು

ಇದಕ್ಕೆ ಹತ್ತಿರದ ಮಾತು ‘ಯೋಗಭ್ರಷ್ಟ’. ಭ್ರಷ್ಟ ಎಂದರೆ ಇಂದು ಲಂಚ ತೆಗೆದುಕೊಳ್ಳುವವನು ಎಂದಷ್ಟೇ ಉಳಿದಿದೆ. ಭಗವದ್ಗೀತೆಯ 6ನೆಯ ಅಧ್ಯಾಯದಲ್ಲಿ, ನಡುವೆ ಜಾರಿದ ಸಾಧಕನ ಗತಿ ಏನು ಎಂದು ಅರ್ಜುನ ಕಳವಳದಿಂದ ಕೇಳುತ್ತಾನೆ. ಒಳ್ಳೆಯದನ್ನು ಮಾಡಿದ ಯಾರಿಗೂ ದುರ್ಗತಿಯಿಲ್ಲ, ಹಿಂದೆ ಗಳಿಸಿದ್ದನ್ನು ಅವನು ಮುಂದೆ ಮರಳಿ ಪಡೆದು ಅಲ್ಲಿಂದ ಪ್ರಯತ್ನ ಮುಂದುವರಿಸುತ್ತಾನೆ ಎಂಬುದು ಕೃಷ್ಣನ ಉತ್ತರ. ಬಿಟ್ಟಿದ್ದ ತಿಂಗಳುಗಳು ವ್ಯರ್ಥವಾಗಲಿಲ್ಲ ಎಂದು ಕೈಪಿಡಿಯಲ್ಲಿ ಖಂಡಿತ ಬರೆಯಿರಿ.

‘ಶ್ಮಶಾನ ವೈರಾಗ್ಯ’ವನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದು. ಚಿತೆ ಉರಿಯುವಾಗ ಬಂದ ವಿರಕ್ತಿ ಮನೆ ಸೇರುವುದರೊಳಗೆ ಕರಗುತ್ತದೆ. ಕುಟುಂಬದಲ್ಲಿ ಸಾವಾದ ದಿನ ಮಾಡಿದ ಆಣೆಗಳಿಗೆ ಈ ಹೆಸರು ಒಪ್ಪುತ್ತದೆ.

ನ್ಯಾಯವಾದಿ, ಬೆಳಗಾವಿ

‘ಹಳೇ ಚಾಳಿ’ ಮತ್ತು ನಾಯಿಬಾಲದ ಗಾದೆಗಳನ್ನು ಧಾರವಾಡದವರು ಹಗುರಾಗಿ ತೆಗೆದುಕೊಂಡಂತೆ ಕಾಣುತ್ತದೆ. ಈ ಮಾತು ಕಾನೂನಾದಾಗ ಏನಾಯಿತು ನೋಡಿ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿತು. ಅವರು ಹಾಜರಿ ಹಾಕಬೇಕಿತ್ತು, ಅನುಮತಿಯಿಲ್ಲದೆ ಊರು ಬಿಡುವಂತಿರಲಿಲ್ಲ. 1952ರಲ್ಲಿ ಆ ಕಾಯ್ದೆ ರದ್ದಾಗಿ ಅವರು ವಿಮುಕ್ತ ಬುಡಕಟ್ಟುಗಳಾದರು. ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಸಂಶಯದ ಕಣ್ಣು ಹಾಗೆಯೇ ಉಳಿಯಿತು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೈಲು ಕೈಪಿಡಿಗಳಲ್ಲಿದ್ದ ಜಾತಿ ತಾರತಮ್ಯದ ನಿಯಮಗಳನ್ನು ತಳ್ಳಿಹಾಕಿದಾಗಲೂ ಈ ಸಮುದಾಯಗಳ ಮೇಲಿನ ಹಣೆಪಟ್ಟಿಯ ಪ್ರಶ್ನೆ ಎದುರಾಯಿತು.

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ಅಂಗಳದಲ್ಲಿ ಹೇಳುವ ಗಾದೆಯೂ ಪೊಲೀಸ್ ಠಾಣೆಯ ಕಡತದಲ್ಲಿ ಬರೆದ ಷರಾವೂ ಒಂದೇ ಭಾವನೆಯಿಂದ ಹುಟ್ಟಿವೆ. ಒಬ್ಬನ ಹಳೆಯ ನಡತೆಯನ್ನು ಅವನ ಸ್ವಭಾವವೆಂದು ನಿರ್ಧರಿಸಿಬಿಟ್ಟರೆ, ಅವನು ಬದಲಾದ ವರ್ಷಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕೈಪಿಡಿಯಲ್ಲಿ ಈ ಗಾದೆಗಳನ್ನು ಬಳಸಬೇಡಿ ಎಂದಷ್ಟೇ ಅಲ್ಲ, ಮನೆಯಲ್ಲೂ ಆಡಬೇಡಿ ಎಂದು ಬರೆಯಿರಿ.

ಧಾರವಾಡ ಪೇಟೆ

ಒಪ್ಪಿದೆ ವಕೀಲರೇ. ಬಯ್ಗುಳದ ಪಟ್ಟಿಯಲ್ಲಿ ಅದೂ ಇದೆ ಎಂಬ ಅರ್ಥದಲ್ಲಿ ಬರೆದಿದ್ದೆ.

ಸಿಂಧನೂರಿನ ರೈತ

ಜಮೀನಿನ ಮಾತು ಕೇಳಿದ್ದೀರಿ. ನಮ್ಮಲ್ಲಿ ಸವಳು, ಜವಳು ಎಂಬ ಜೋಡಿ ಇದೆ. ಉಪ್ಪು ಮೇಲೆ ಬಂದು ನೆಲ ಬೆಳ್ಳಗಾದರೆ ಸವಳು, ನೀರು ನಿಂತು ಒದ್ದೆಯಾಗಿಯೇ ಉಳಿದರೆ ಜವಳು. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಬಂದಾಗ ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳನ್ನು ಲೆಕ್ಕ ಹಾಕಿದ್ದರು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹೆಚ್ಚಾಯಿತು, ಕಪ್ಪು ಮಣ್ಣಿನಲ್ಲಿ ನೀರು ಇಂಗಿ ಹೋಗದೆ ನಿಂತಿತು, ತಳದ ಉಪ್ಪು ಮೇಲೆ ಬಂತು. ಒಣ ಬೇಸಾಯದಲ್ಲಿ ಜೋಳವನ್ನಾದರೂ ಕೊಡುತ್ತಿದ್ದ ಹೊಲ ನೀರು ಬಂದ ಮೇಲೆ ಏನನ್ನೂ ಕೊಡದಂತಾಯಿತು. ಇದಕ್ಕೆ ‘ಹಿನ್ನಡೆ’ ಎಂಬ ಮಾತು ಸಾಲುವುದಿಲ್ಲ. ಹಿಂದೆ ಇದ್ದ ಸ್ಥಿತಿಗಿಂತಲೂ ಕೆಳಗೆ ಹೋದದ್ದು ಇದು. ನಾವು ‘ಹೊಲ ಕೆಟ್ಟಿತು’ ಎನ್ನುತ್ತೇವೆ, ಉಳುಮೆ ನಿಂತರೆ ‘ಬೀಳು ಬಿತ್ತು’ ಎನ್ನುತ್ತೇವೆ.

ಬಸಿಗಾಲುವೆ ತೋಡಿ, ನಿಂತ ನೀರನ್ನು ಹೊರಗೆ ಹರಿಸಿ, ಒಳ್ಳೆಯ ನೀರಿನಿಂದ ಉಪ್ಪು ತೊಳೆದರೆ ನೆಲ ಚೇತರಿಸಿಕೊಳ್ಳುತ್ತದೆ. ಆದರೆ ಬಸಿಗಾಲುವೆಯಲ್ಲಿ ಆಪಿನ ಹುಲ್ಲು ಬೆಳೆದು, ಹೂಳು ತುಂಬಿ, ಯಾರೂ ಎತ್ತಿಸದಿದ್ದರೆ ಸವಳು ಮತ್ತೆ ಏರುತ್ತದೆ. ಆಗ ನಾವು ಯಾರೂ ಮಣ್ಣನ್ನು ಬಯ್ಯುವುದಿಲ್ಲ. ಕಾಲುವೆ ಯಾಕೆ ಕಟ್ಟಿತು ಎಂದು ಕೇಳುತ್ತೇವೆ.

ಹೆಸರು ಬೇಡ

ಇಷ್ಟು ಜನ ಪ್ರೀತಿಯಿಂದ ಬರೆದಿದ್ದೀರಿ, ಎಲ್ಲವನ್ನೂ ಓದಿದೆ. ಆದರೆ ಅವನ ಜೊತೆ ಬಾಳಿದವಳ ಮಾತನ್ನೂ ಕೇಳಿ.

ಮನುಷ್ಯ ಪಕ್ಕಕ್ಕೆ ನಿಂತಿರುತ್ತಾನೆ, ಕರ್ತೃವಿನ ಜಾಗದಲ್ಲಿ ಚಟವಿರುತ್ತದೆ ಎಂದು ಮೈಸೂರಿನವರು ಬರೆದರು. ನಮ್ಮ ಮನೆಯಲ್ಲಿ ಒಡವೆಯನ್ನು ಅಡವಿಟ್ಟದ್ದು ಚಟವಲ್ಲ, ಮಗಳ ಶಾಲೆಯ ಶುಲ್ಕದ ಹಣ ತೆಗೆದದ್ದೂ ಚಟವಲ್ಲ. ತೆಗೆದವನಿಗೆ ಕೈಗಳಿದ್ದವು. ‘ಕಾಯಿಲೆ ಮರುಕಳಿಸಿತು’ ಎಂದು ಅವರ ಮನೆಯವರು ನನಗೆ ಹೇಳುತ್ತಿದ್ದರು. ಜ್ವರ ಬಂದವನನ್ನು ಏನು ಕೇಳುತ್ತೀಯ, ಸುಮ್ಮನೆ ನೋಡಿಕೋ ಎಂಬುದು ಅದರ ಅರ್ಥವಾಗಿತ್ತು. ಮೃದುವಾದ ಮಾತು ಅವನಿಗೆ ಮೃದು, ಸಹಿಸುವವಳಿಗೆ ಅದೇ ಬಾಯಿಬೀಗ.

ನಾಯಿಬಾಲ ಎನ್ನಬಾರದು, ಸರಿ. ಹಾಗೆಂದು ಯಾರೂ ಏನೂ ಮಾಡಲಿಲ್ಲ, ತಾನೇ ಆಯಿತು ಎಂಬಂತೆಯೂ ಬರೆಯಬಾರದು. ಮತ್ತೆ ಕುಡಿದ ಎಂದರೆ ಕುಡಿದ ಎಂದೇ ಬರೆಯಿರಿ. ಮತ್ತೆ ಹೊಡೆದ ಎಂದರೆ ಹೊಡೆದ ಎಂದೇ ಬರೆಯಿರಿ, ಮತ್ತು ಅದನ್ನು ಈ ಅಧ್ಯಾಯಕ್ಕೆ ಸೇರಿಸಬೇಡಿ. ಹೊಡೆತ ಯಾವ ಕಾಯಿಲೆಯ ಮರುಕಳಿಕೆಯೂ ಅಲ್ಲ.

ಹಾಸನದ ಗೃಹಿಣಿ

ತಂಗಿ, ನೀವು ಬರೆದದ್ದೇ ಈ ಚರ್ಚೆಗೆ ಬೇಕಾಗಿದ್ದ ಮಾತು.

ನಿವೃತ್ತ ಉಪಸಂಪಾದಕ, ಮೈಸೂರು

ತಾಯಿ, ನಿಮ್ಮ ಆಕ್ಷೇಪ ನ್ಯಾಯವಾದದ್ದು. ನಾನು ವ್ಯಾಕರಣದ ಒಂದು ಬದಿಯನ್ನು ಹೇಳಿದೆ, ಇನ್ನೊಂದು ಬದಿ ಇಲ್ಲಿದೆ. ಕನ್ನಡದಲ್ಲಿ ‘ತಪ್ಪಿತು’ ಮತ್ತು ‘ತಪ್ಪು ಮಾಡಿದ’ ಎರಡೂ ಒಂದೇ ಧಾತುವಿನವು. ‘ಏಕಾದಶಿ ತಪ್ಪಿತು’, ‘ಮಾತು ತಪ್ಪಿದ’. ಮೊದಲನೆಯದರಲ್ಲಿ ನಡೆದುಹೋದದ್ದರ ವಿಷಾದವಿದೆ, ಎರಡನೆಯದರಲ್ಲಿ ಹೊಣೆಯಿದೆ. ‘ಮಾತು ತಪ್ಪಿದ’ ಎಂಬುದು ಬಯ್ಗುಳವಲ್ಲ, ಅವನ ಸ್ವಭಾವವನ್ನು ಹಳಿಯುವುದೂ ಇಲ್ಲ. ಅವನು ಮಾತು ಕೊಟ್ಟಿದ್ದ, ಅದನ್ನು ನಡೆಸಲಿಲ್ಲ, ಮತ್ತೆ ಕೊಡಬಲ್ಲ ಮತ್ತು ನಡೆಸಬಲ್ಲ ಮನುಷ್ಯ ಎಂಬುದೆಲ್ಲ ಅದರೊಳಗೆ ಬರುತ್ತದೆ.

ಆದ್ದರಿಂದ ಎರಡು ಬೇರೆ ಮಾತುಗಳನ್ನು ಎರಡು ಬೇರೆ ಕಡೆ ಬಳಸಿ. ಆಸೆಯ ಬಗ್ಗೆ ಬರೆಯುವಾಗ ‘ಮರುಕಳಿಸುತ್ತದೆ’ ಎನ್ನಿ. ಲೋಟ ಎತ್ತಿದ್ದರ ಬಗ್ಗೆ ಬರೆಯುವಾಗ ‘ಮತ್ತೆ ಕುಡಿದರೆ’ ಎನ್ನಿ. ಆಸೆ ಮರುಕಳಿಸುವುದು ಅವನ ಕೈಯಲ್ಲಿಲ್ಲ. ಕುಡಿಯುವುದಕ್ಕೆ ಅವನ ಹೊಣೆಯೂ ಇದೆ.

ಶಿವಮೊಗ್ಗದ ಕಾರ್ಯಕರ್ತ

ಗುಂಪಿನವರೆಲ್ಲ ಕುಳಿತು ಓದಿದೆವು. ‘ಹೆಸರು ಬೇಡ’ ಎಂದು ಬರೆದ ಅಕ್ಕನ ಮಾತಿನ ಮೇಲೆ ಹೊಡೆತದ ವಿಷಯವನ್ನು ಬೇರೆ ಪುಟಕ್ಕೆ ತೆಗೆದಿದ್ದೇವೆ, ಮಹಿಳಾ ಸಹಾಯವಾಣಿ 181 ಆ ಪುಟದ ತಲೆಯಲ್ಲೇ ಇರುತ್ತದೆ. ಅಧ್ಯಾಯದ ತಲೆಬರಹ ‘ಮತ್ತೆ ಕುಡಿದರೆ’. ಮೊದಲ ಭಾಗ ಹೀಗಿದೆ:

‘ಬಿಟ್ಟ ಮೇಲೂ ಆಸೆ ಮರುಕಳಿಸುತ್ತದೆ. ಇದು ನಾಚಿಕೆಯ ವಿಷಯವಲ್ಲ. ಆಸೆಯಾಯಿತು ಎಂದು ಅವರು ಹೇಳಿಕೊಂಡರೆ ಸಿಟ್ಟಾಗಬೇಡಿ, ಹೇಳಿಕೊಂಡದ್ದೇ ಒಳ್ಳೆಯ ಲಕ್ಷಣ. ಒಂದು ವೇಳೆ ಮತ್ತೆ ಕುಡಿದರೆ, ಆ ರಾತ್ರಿ ಲೆಕ್ಕ ಕೇಳಬೇಡಿ. ಮಾರನೆಯ ದಿನ ಕೇಳಿ. ಮಾತು ತಪ್ಪಿದ್ದೀರಿ ಎಂದು ಹೇಳಿ, ಹಾಳಾದಿರಿ ಎನ್ನಬೇಡಿ. ಎಲ್ಲಿ, ಯಾರ ಜೊತೆ, ಯಾವ ಹೊತ್ತಿಗೆ ಶುರುವಾಯಿತು ಎಂದು ಒಟ್ಟಿಗೆ ಕುಳಿತು ನೋಡಿ. ಬಿಟ್ಟಿದ್ದ ದಿನಗಳು ಎಲ್ಲಿಗೂ ಹೋಗಿಲ್ಲ.’

ತಿದ್ದುವುದಿದ್ದರೆ ತಿಳಿಸಿ. ಮುದ್ರಣಕ್ಕೆ ಇನ್ನೂ ಸಮಯವಿದೆ.

ಕರಾವಳಿಯ ವೈದ್ಯೆ

ಚೆನ್ನಾಗಿದೆ. ಎರಡು ವಿಷಯ ಸೇರಿಸಲೇಬೇಕು. ಬಹಳ ದಿನ ಬಿಟ್ಟಿದ್ದವರ ದೇಹ ಹಳೆಯ ಅಳತೆಯನ್ನು ತಾಳುವುದಿಲ್ಲ. ಮೊದಲಿನಷ್ಟೇ ಒಮ್ಮೆಲೇ ಕುಡಿದರೆ ಅಪಾಯ, ಅಫೀಮು ಬಗೆಯ ಮಾದಕ ವಸ್ತುವಾದರೆ ಜೀವವೇ ಹೋಗಬಹುದು. ಎಬ್ಬಿಸಿದರೆ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ ‘ಮಲಗಿ ಸರಿಹೋಗಲಿ’ ಎಂದು ಬಿಡದೆ 108ಕ್ಕೆ ಕರೆ ಮಾಡಲಿ.

ಇನ್ನೊಂದು, ಮತ್ತೆ ದಿನವೂ ಕುಡಿಯತೊಡಗಿದವರನ್ನು ಕೋಣೆಗೆ ಹಾಕಿ ಬೀಗ ಜಡಿದು ಒಮ್ಮೆಲೇ ನಿಲ್ಲಿಸಬಾರದು. ಎರಡು ಮೂರು ದಿನಗಳೊಳಗೆ ಕೈನಡುಕ, ಫಿಟ್ಸ್, ಇಲ್ಲದ್ದು ಕಾಣುವುದು, ಕೇಳುವುದು ಶುರುವಾಗಬಹುದು. ಅದನ್ನು ದೆವ್ವ ಮೆಟ್ಟಿತೆಂದು ಬೇರೆಡೆಗೆ ಕರೆದೊಯ್ಯುವುದನ್ನು ಕಂಡಿದ್ದೇನೆ, ಅದು ಆಸ್ಪತ್ರೆಯಲ್ಲಿ ನೋಡಬೇಕಾದ ತುರ್ತುಸ್ಥಿತಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕನ್ನಡದಲ್ಲೂ ಮಾತನಾಡುತ್ತದೆ, ಉಚಿತ. ಈ ಸಂಖ್ಯೆ ಕೊನೆಯ ಪುಟದಲ್ಲಿ ಬೇಡ, ಇದೇ ಅಧ್ಯಾಯದಲ್ಲಿ ದಪ್ಪ ಅಕ್ಷರದಲ್ಲಿರಲಿ.